ಕೇಳುವ ಭಾಗ

ಚಿಂತಾಮಣಿ ತಾಲ್ಲೂಕು ಕಚೇರಿ ಎದುರು
ಹೊಂಗೆ ಮರದಡಿ ನನ್ನ ಅಂಗಡಿ.
ಜಾತಿ, ಆದಾಯ, ವಂಶವೃಕ್ಷ, ಪಹಣಿ ತಿದ್ದುಪಡಿ,
ಹನ್ನೊಂದು ವರ್ಷದಿಂದ ಊರವರ ಅರ್ಜಿ ತುಂಬಿದ್ದೇನೆ,
ಖಾಲಿ ಜಾಗ ಕಂಡರೆ ಕೈ ತಾನೇ ಬರೆಯುತ್ತದೆ.

ಮೊನ್ನೆ ಒಂದು ಕಾಲಂ ಮುಂದೆ ಸುಮ್ಮನೆ ಕೂತೆ:
ತಳಿ.

ಟೊಮೆಟೊ ಮಂಡಿಯ ಹಿಂದೆ, ಹರಾಜು ಮುಗಿದ ಮೇಲೆ
ಕೊಳೆತ ಹಣ್ಣಿನ ಕ್ರೇಟಿನಲ್ಲಿ ಸಿಕ್ಕಿದ್ದು.
ತಾಯಿ ಬಿಳಿ. ಅಪ್ಪ ಯಾರೆಂದು ಮಂಡಿಗೇ ಗೊತ್ತಿಲ್ಲ.
ನೆನೆಸಿಟ್ಟ ಕಾಳಿನ ಬಣ್ಣ ಅಂತ
ಕಳಾವತಿ ಹೆಸರಿಟ್ಟಳು, ಹುರುಳಿ.
ನೈಟ್ ಡ್ಯೂಟಿ ಮುಗಿಸಿ ಬರುವವಳ ಸ್ಕೂಟಿಯನ್ನು
ಕೋಲಾರ ರಸ್ತೆಯ ತಿರುವಿನಲ್ಲೇ ಗುರುತಿಸುತ್ತಿತ್ತು.
ನನಗೆ ಗೇಟು ಕಿರುಗುಟ್ಟಿದರೂ ಎಚ್ಚರವಿಲ್ಲ.

"ಪರಿಯಾ ಅಂತ ಬರಿಯಪ್ಪ, ಪುಸ್ತಕದಲ್ಲಿ ಅದೇ ಹೆಸರು"
ಅಂದರು ಪಶು ಆಸ್ಪತ್ರೆಯ ಡಾಕ್ಟರ್ ಇನಾಯತ್.
ಪೆನ್ನು ಮುಚ್ಚಿಟ್ಟೆ.
ಕೆ.ಜಿ.ಎಫ್ ಗಣಿಯ ಲೈನ್ ಮನೆಯಲ್ಲಿ ನಮ್ಮಜ್ಜಿಯನ್ನು
ಆ ಪದದಿಂದ ಕರೆದು ನೀರು ಎತ್ತಿ ಹುಯ್ದಿದ್ದರು.
ಅಜ್ಜಿ ಬೊಗಸೆ ಅಗಲಿಸಿ ಕುಡಿದಿದ್ದಳು, ಬಾಯಾರಿತ್ತು.
ಸಂಜೆ ಕಾಲಂ ತುಂಬಿದೆ: ಚಿಂತಾಮಣಿ.
ಬೆಂಗಳೂರಿನ ಅಧಿಕಾರಿ ಒಂದೂ ಮಾತಿಲ್ಲದೆ ಸೀಲು ಒತ್ತಿದ.
ಯಾವುದೋ ಒಳ್ಳೆಯ ಜಾತಿ ನಾಯಿ ಅಂದುಕೊಂಡಿರಬೇಕು.

ಅವಳು ಕಾಸೆಲ್‌ಗೆ ಹೋಗಿ ಎರಡು ವರ್ಷ.
ವಾರ್ಡಿನಲ್ಲಿ ಮುದುಕರ ಮಗ್ಗುಲು ಹೊರಳಿಸುತ್ತಾಳೆ,
ಅವರ ಬಾಯಲ್ಲಿ ಕಲಾವತಿ.
ಆ ದೇಶದ ನಾಲಿಗೆಗೆ ಳ ಸಿಗದಂತೆ,
ಇನ್ನು ಇದು ಹೋದರೆ ಹುರುಲಿ.

ಹೆಂಡತಿ ಇರುವಲ್ಲಿಗೆ ಗಂಡ ಹೋಗಬೇಕಾದರೆ
ಭಾಷೆಯ ಪರೀಕ್ಷೆ ಪಾಸಾಗಬೇಕು.
ಎರಡು ಸಲ ಬರೆದೆ, ಎರಡು ಸಲವೂ
ಕೇಳುವ ಭಾಗದಲ್ಲಿ ಬಿದ್ದೆ.
ರೈಲು ಎಷ್ಟನೇ ಪ್ಲಾಟ್‌ಫಾರ್ಮಿಗೆ ಅಂತ
ಒಬ್ಬಳು ಹೇಳುತ್ತಿದ್ದಳಂತೆ;
ಅವಳಿಗೆ ನೆಗಡಿಯಾಗಿದೆ ಅನ್ನುವಷ್ಟು ತಿಳಿಯಿತು.

ನಾಯಿಗೆ ಆ ಪರೀಕ್ಷೆ ಇಲ್ಲ.
ಕತ್ತಿನ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ಪು,
ಹುಚ್ಚುರೋಗದ ಸೂಜಿ, ತಿಂಗಳು ಬಿಟ್ಟು ರಕ್ತ.
ರಕ್ತ ಐಸಿನ ಡಬ್ಬಿಯಲ್ಲಿ ಮೊದಲೇ ವಿಮಾನ ಹತ್ತಿತು,
ಹುರುಳಿ ಇಲ್ಲೇ ಮುದ್ದೆ ತಿಂದು
ತಟ್ಟೆಯನ್ನು ಬಚ್ಚಲವರೆಗೆ ನೆಕ್ಕಿಕೊಂಡು ಹೋಯಿತು.
ಆಮೇಲೆ ಮೂರು ತಿಂಗಳು ಕಾಯುವುದು.
ಕಾಯುವುದರಲ್ಲಿ ನಾವಿಬ್ಬರೂ ಫಸ್ಟ್ ಕ್ಲಾಸು.

ವಿಡಿಯೊದಲ್ಲಿ ಅವಳು "ಸಿಟ್ಸ್" ಅಂದಳು.
ಕೂತಿತು!
ನಾನು ಬಾ ಅಂದರೂ, ಪಕ್ಕದ ಮುನೆಕ್ಕ ರಾ ಅಂದರೂ
ಬರುತ್ತಿದ್ದದ್ದು, ಮೂರನೆಯದನ್ನೂ
ನುಂಗಿಕೊಂಡಿತು, ಒಂದೇ ಬಾಲದಲ್ಲಿ.

ಪೆಟ್ಟಿಗೆಗೆ ಅಳತೆಯಿದೆ:
ನಿಲ್ಲಬೇಕು, ಮಲಗಬೇಕು, ಒಂದು ಸುತ್ತು ತಿರುಗಬೇಕು.
ನಮಗೆ ಬಾಡಿಗೆ ಮನೆ ಕೊಟ್ಟವರು
ಹೆಸರು ಕೇಳಿದರು, ಊಟ ಕೇಳಿದರು, ಇದನ್ನು ಕೇಳಲಿಲ್ಲ.

ರಜೆ ಹಾಕಿ ಬಂದಳು, ಒಂಬತ್ತು ದಿನ.
ಮೊದಲ ದಿನ ಹುರುಳಿ ಅವಳನ್ನು ಮೂಸಿ
ಮಂಚದಡಿ ಹೋಗಿ ಕೂತಿತು. ಅವಳೂ
ಚೂಡಿದಾರದಲ್ಲೇ ನೆಲಕ್ಕೆ ಒರಗಿ, ಮಂಚದಡಿ ಕೈ ಚಾಚಿ
ಹಾಗೇ ನಿದ್ದೆ ಹೋದಳು.
ನಾನು ಮಂಚದ ಮೇಲೆ, ಒಬ್ಬನೇ, ಗೃಹಸ್ಥ.

ದೇವನಹಳ್ಳಿಯ ಕಾರ್ಗೋ ಬಾಗಿಲಲ್ಲಿ
"ನಿನ್ನ ತೊಳೆಯದ ಅಂಗಿ ಕೊಡು, ಒಳಗೆ ಹಾಸೋಣ" ಅಂದಳು.
ಮೈಮೇಲಿದ್ದದ್ದನ್ನೇ ಬಿಚ್ಚಿ ಕೊಟ್ಟೆ.
ಬನಿಯನ್ನಿನಲ್ಲೇ ಬಸ್ಸು ಹತ್ತಿದವನಿಗೆ
ಕಂಡಕ್ಟರ್ ಟಿಕೆಟ್ ಕೊಟ್ಟ, ಏನೂ ಕೇಳಲಿಲ್ಲ.

ಈಗ ಬೆಳಗಿನ ಜಾವ
ಕೋಲಾರ ರಸ್ತೆಯಲ್ಲಿ ಯಾರ ಸ್ಕೂಟಿ ತಿರುಗಿದರೂ
ನನಗೆ ಎಚ್ಚರವಾಗುತ್ತದೆ, ತಿರುವಿನಲ್ಲೇ.
ಪರೀಕ್ಷೆಗೆ ಇನ್ನು ಹದಿನೆಂಟು ದಿನ.